ಬರೀ ನೋಡಿದ್ದಕ್ಕೆ ಮುನ್ನೂರು ರೂಪಾಯಾ?

ಕಾರು ಸ್ಟಾರ್ಟ್ ಆಗಲಿಲ್ಲ ಅಂದರೆ ಸಾಕು, ನಮ್ಮಲ್ಲಿ ಪ್ರತಿಯೊಬ್ಬರೂ ಮೆಕ್ಯಾನಿಕ್ ಆಗಿಬಿಡುತ್ತಾರೆ. "ಬ್ಯಾಟರಿ ಹೋಗಿರ್ಬೇಕು" ಅಂತ ಪಕ್ಕದ ಮನೆಯವರು. "ಪ್ಲಗ್ ಹೋಗಿರತ್ತೆ, ಬದಲಾಯಿಸಿಬಿಡಿ" ಅಂತ ಹಾಲು ತರಲು ಹೊರಟವರು. "ಪೆಟ್ರೋಲ್ ಇದ್ಯಾ ನೋಡಿ ಸಾರ್ ಮೊದ್ಲು" ಅಂತ ಅಪಾರ್ಟ್‌ಮೆಂಟಿನ ಸೆಕ್ಯೂರಿಟಿ. ಈ ಮೂವರಲ್ಲಿ ಸೆಕ್ಯೂರಿಟಿಯವನ ಮಾತೇ ಹೆಚ್ಚು ವೈಜ್ಞಾನಿಕ ಅಂತ ನನ್ನ ಅಭಿಪ್ರಾಯ. ಉಳಿದಿಬ್ಬರು "ಇರಬೇಕು" ಅಂದರು, ಅವನು "ನೋಡಿ" ಅಂದ.

ಈ "ಇರಬೇಕು" ಮತ್ತು "ನೋಡಿ" ಎರಡರ ನಡುವೆ ಇರುವ ಅಂತರದ ಬಗ್ಗೆಯೇ ಇವತ್ತಿನ ನನ್ನ ಕೊರೆತ. ಯಾಕೆಂದರೆ ಆ ಅಂತರಕ್ಕೆ ನಾವು ವರ್ಷಾ ವರ್ಷ ಸಾವಿರಗಟ್ಟಲೆ ದುಡ್ಡು ಸುರಿಯುತ್ತಿದ್ದೇವೆ, ಸುರಿಯುತ್ತಿದ್ದೇವೆ ಅಂತ ಗೊತ್ತೂ ಆಗುವುದಿಲ್ಲ. ನಾನು ಹೇಳಬೇಕೆಂದಿರುವುದು ಇಷ್ಟೇ: ನಾವು ಸಾಮಾನಿಗೆ ದುಡ್ಡು ಕೊಡುತ್ತೇವೆ, ಸಾಮಾನು ಬಿಚ್ಚಿ ಹಾಕಿದ್ದಕ್ಕೂ ಗೊಣಗುತ್ತಾ ಕೊಡುತ್ತೇವೆ, ಆದರೆ ತೊಂದರೆ ಎಲ್ಲಿದೆ ಅಂತ ಹುಡುಕಿದ್ದಕ್ಕೆ ಮಾತ್ರ ಕೊಡುವುದಿಲ್ಲ. ಹುಡುಕಿದ್ದಕ್ಕೆ ದುಡ್ಡು ಸಿಗದ ಕಡೆ ಯಾರೂ ಹುಡುಕುವುದಿಲ್ಲ, ಸಾಮಾನು ಬದಲಾಯಿಸುತ್ತಾರೆ. ಅದರಲ್ಲಿ ಆಶ್ಚರ್ಯ ಏನೂ ಇಲ್ಲ.

ಮೊದಲು ಸ್ವಲ್ಪ ಪಾಠ. ಗೊತ್ತಿರುವವರು ಎರಡು ಪ್ಯಾರಾ ಹಾರಿಸಿಕೊಂಡು ಹೋಗಬಹುದು.

"ಕಾರು ಸ್ಟಾರ್ಟ್ ಆಗ್ತಿಲ್ಲ" ಅನ್ನುವುದು ಒಂದು ದೂರಲ್ಲ, ಎರಡು. ಕೀ ತಿರುಗಿಸಿದರೆ "ಟಕ್" ಅಂತ ಸದ್ದು ಬಂದು ಸುಮ್ಮನಾದರೆ, ಅಥವಾ ಏನೂ ಸದ್ದೇ ಇಲ್ಲದಿದ್ದರೆ, ಎಂಜಿನ್ ತಿರುಗುತ್ತಲೇ ಇಲ್ಲ ಅಂತ ಅರ್ಥ. ಅದು ಬ್ಯಾಟರಿ, ಅದರ ಟರ್ಮಿನಲ್ಲು, ಅರ್ಥಿಂಗ್ ವೈರು, ಇಲ್ಲಾ ಸ್ಟಾರ್ಟರ್ ಮೋಟರಿನ ಕಡೆಯ ಕಥೆ. ಆದರೆ "ಸೆಲ್ಫ್ ತಗೊಳ್ತಾ ಇದೆ, ಆದ್ರೆ ಸ್ಟಾರ್ಟ್ ಆಗ್ತಿಲ್ಲ" ಅಂತ ಗ್ಯಾರೇಜಿನವರು ಹೇಳುತ್ತಾರಲ್ಲ, ಅದು ಬೇರೆಯದೇ ಕಥೆ. ಎಂಜಿನ್ ಗಿರಗಿರ ತಿರುಗುತ್ತಿದೆ, ಒಳಗೆ ಬೆಂಕಿ ಹತ್ತಿಕೊಳ್ಳುತ್ತಿಲ್ಲ. ಪೆಟ್ರೋಲ್ ಎಂಜಿನ್ನಿಗೆ ಬೇಕಾಗಿರುವುದು ಗಾಳಿ, ಪೆಟ್ರೋಲು, ಒತ್ತಡ, ಮತ್ತು ಸರಿಯಾದ ಹೊತ್ತಿಗೆ ಒಂದು ಕಿಡಿ. ನಾಲ್ಕರಲ್ಲಿ ಒಂದು ಕೈಕೊಟ್ಟರೂ ಮುಗಿಯಿತು. (ಡೀಸೆಲ್ ಕಾರಿನವರು ಕ್ಷಮಿಸಿ, ನಿಮ್ಮ ಎಂಜಿನ್ನಿಗೆ ಕಿಡಿಯೇ ಬೇಡ. ಒತ್ತಡದ ಬಿಸಿಗೇ ಹತ್ತಿಕೊಳ್ಳುತ್ತದೆ.)

ಆ ಕಿಡಿ ಹುಟ್ಟುವ ರೀತಿ ಮಾತ್ರ ಬಹಳ ಚಂದ. ಬ್ಯಾಟರಿಯಲ್ಲಿರುವುದು 12 ವೋಲ್ಟು. ಪ್ಲಗ್ಗಿನ ತುದಿಯಲ್ಲಿ ಒಂದು ಮಿಲಿಮೀಟರ್ ಆಸುಪಾಸಿನ ಸಂದಿ, ಅದನ್ನು ಹಾರಬೇಕಾದರೆ ಸಾವಿರಾರು ವೋಲ್ಟು ಬೇಕು. ಇಗ್ನಿಷನ್ ಕಾಯಿಲ್ ಒಳಗೆ ಒಂದರ ಮೇಲೊಂದು ಎರಡು ಸುತ್ತು ತಂತಿ ಇರುತ್ತದೆ, ಒಂದರಲ್ಲಿ ಕೆಲವು ನೂರು ಸುತ್ತು, ಇನ್ನೊಂದರಲ್ಲಿ ಅದರ ನೂರು ಪಟ್ಟಿನಷ್ಟು. ಮೊದಲನೆಯದರಲ್ಲಿ ಕರೆಂಟು ಹರಿಸಿ ತಟ್ಟನೆ ಕತ್ತರಿಸಿದರೆ ಎರಡನೆಯದರಲ್ಲಿ ಇಪ್ಪತ್ತು ಮೂವತ್ತು ಸಾವಿರ ವೋಲ್ಟಿನವರೆಗೂ ಏಳುತ್ತದೆ. ಗಮನಿಸಿ, ಕಿಡಿ ಹಾರುವುದು ಕರೆಂಟು ಕೊಟ್ಟಾಗ ಅಲ್ಲ, ಕತ್ತರಿಸಿದಾಗ! ಚಾರ್ಲ್ಸ್ ಕೆಟರಿಂಗ್ ಅನ್ನುವ ಎಂಜಿನಿಯರ್ ಈ ವ್ಯವಸ್ಥೆಯನ್ನು 1910ರ ಕ್ಯಾಡಿಲಾಕ್ ಕಾರಿಗೆ ಮಾಡಿಕೊಟ್ಟ. ಅದೇ ಪುಣ್ಯಾತ್ಮ 1912ರ ಕ್ಯಾಡಿಲಾಕ್‌ಗೆ ಎಲೆಕ್ಟ್ರಿಕ್ ಸೆಲ್ಫ್ ಸ್ಟಾರ್ಟರನ್ನೂ ಮಾಡಿದ. ನಾವು ಇವತ್ತು "ಸೆಲ್ಫ್ ಹೊಡಿ" ಅಂತೀವಲ್ಲ, ಅದರ ಮೂಲಪುರುಷ.

ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 100 ಕಿಡಿ ಬೇಕು. ಹಳೆಯ ಅಂಬಾಸಡರ್, ಪದ್ಮಿನಿಗಳಲ್ಲಿ ಆ ಕತ್ತರಿಸುವ ಕೆಲಸ ಮಾಡುತ್ತಿದ್ದದ್ದು "ಪಾಯಿಂಟು". ಕರೆಂಟನ್ನು ಸಿಲಿಂಡರಿಗೆ ಹಂಚುತ್ತಿದ್ದದ್ದು ಡಿಸ್ಟ್ರಿಬ್ಯೂಟರು. ಮಳೆಗಾಲ ಬಂತೆಂದರೆ ಮಲೆನಾಡಿನ ಕಡೆ ಅದರ ಮುಚ್ಚಳದೊಳಗೆ ತೇವ ಕೂತು ಗಾಡಿ ಮೊಂಡು ಹಿಡಿಯುತ್ತಿತ್ತು. ಮುಚ್ಚಳ ತೆಗೆದು, ಒಣಬಟ್ಟೆಯಲ್ಲಿ ಒರೆಸಿ, ಪಾಯಿಂಟನ್ನು ಮರಳು ಕಾಗದದಲ್ಲಿ ಎರಡು ಸಲ ಉಜ್ಜಿದರೆ ಗಾಡಿ ಹೊರಟಿತು. ಕಣ್ಣಿಗೆ ಕಾಣುವ ತೊಂದರೆ, ಕೈಗೆ ಸಿಗುವ ಪರಿಹಾರ. ಮಾರುತಿ 800ರಲ್ಲೂ (1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು 2014ರ ಜನವರಿಯಲ್ಲಿ ತಯಾರಿಕೆ ನಿಂತ, ನಮ್ಮಲ್ಲಿ ಎಷ್ಟೋ ಮನೆಗಳ ಮೊದಲ ಕಾರು) ಕಾರ್ಬೊರೇಟರ್ ಇದ್ದ ಕಾಲಕ್ಕೆ ಡಿಸ್ಟ್ರಿಬ್ಯೂಟರ್ ಇತ್ತು. ಬಾನೆಟ್ ಎತ್ತಿದರೆ ಯಾವುದು ಏನು ಅಂತ ಹೈಸ್ಕೂಲ್ ಹುಡುಗನಿಗೂ ತೋರಿಸಬಹುದಿತ್ತು.

ಈಗ ಪಾಯಿಂಟೂ ಇಲ್ಲ, ಡಿಸ್ಟ್ರಿಬ್ಯೂಟರೂ ಇಲ್ಲ. ಅವುಗಳ ಜಾಗದಲ್ಲಿ ಕೂತಿರುವುದು ಇಸಿಯು ಅನ್ನುವ ಸಣ್ಣ ಕಂಪ್ಯೂಟರು. ಅದಕ್ಕೆ ಎಂಜಿನ್ ಎಷ್ಟು ತಿರುಗಿದೆ ಅಂತ ಹೇಳುವುದು ಕ್ರ್ಯಾಂಕ್ ಸೆನ್ಸರು. ಬಹಳ ಕಾರುಗಳಲ್ಲಿ ಕ್ರ್ಯಾಂಕಿನ ಜೊತೆ ತಿರುಗುವ ಒಂದು ಹಲ್ಲಿನ ಚಕ್ರ ಇರುತ್ತದೆ, 60 ಹಲ್ಲಿನ ಜಾಗದಲ್ಲಿ 58 ಹಲ್ಲು, ಎರಡು ಹಲ್ಲು ಬೇಕಂತಲೇ ಖಾಲಿ. ಸೆನ್ಸರ್ ಆ ಹಲ್ಲುಗಳನ್ನು ಎಣಿಸುತ್ತದೆ, ಖಾಲಿ ಜಾಗ ಬಂದಾಗ "ಓಹೋ, ಇಲ್ಲಿದ್ದೀವಿ" ಅಂತ ಇಸಿಯುಗೆ ಗೊತ್ತಾಗುತ್ತದೆ. ಅದನ್ನು ನೋಡಿಕೊಂಡೇ ಕಿಡಿ ಯಾವಾಗ, ಪೆಟ್ರೋಲ್ ಯಾವಾಗ ಅಂತ ಅದು ತೀರ್ಮಾನ ಮಾಡುವುದು. ಸೆನ್ಸರ್ ಸುಮ್ಮನಾದರೆ ಇಸಿಯು ಲೆಕ್ಕದಲ್ಲಿ ಎಂಜಿನ್ ತಿರುಗುತ್ತಲೇ ಇಲ್ಲ. ಎಂಜಿನ್ ತಿರುಗದಿದ್ದ ಮೇಲೆ ಕಿಡಿ ಯಾಕೆ, ಪೆಟ್ರೋಲ್ ಯಾಕೆ? ಎರಡನ್ನೂ ನಿಲ್ಲಿಸಿಬಿಡುತ್ತದೆ. (ಇದು ಸುರಕ್ಷತೆಗೂ ಒಳ್ಳೆಯದು. ಅಪಘಾತವಾಗಿ ಎಂಜಿನ್ ನಿಂತ ಮೇಲೂ ಪಂಪು ಪೆಟ್ರೋಲ್ ಸುರಿಯುತ್ತಿದ್ದರೆ ಗತಿ ಏನು?) ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮ್ಮ ಚಿಕ್ಕಪ್ಪ ಸಾಗರದ ಹತ್ತಿರದ ಒಂದು ಹಳ್ಳಿಯಲ್ಲಿದ್ದಾರೆ. ಅಡಿಕೆ ತೋಟ, ಎರಡು ಎಮ್ಮೆ, ಹದಿನೈದು ವರ್ಷ ದಾಟಿದ ಒಂದು ಪೆಟ್ರೋಲ್ ಕಾರು. ಆ ಕಾರಿಗೆ ಒಂದು ವಿಚಿತ್ರ ರೋಗ ಶುರುವಾಯಿತು. ಬೆಳಿಗ್ಗೆ ಚೆನ್ನಾಗಿ ಸ್ಟಾರ್ಟ್ ಆಗುತ್ತದೆ, ಪೇಟೆಗೆ ಹೋಗುತ್ತದೆ, ಅಲ್ಲಿ ಹತ್ತು ನಿಮಿಷ ನಿಲ್ಲಿಸಿ ವಾಪಸ್ ಬಂದರೆ ಸೆಲ್ಫ್ ತಗೊಳ್ಳುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಮುಕ್ಕಾಲು ಗಂಟೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ.

ಮೊದಲನೇ ಗ್ಯಾರೇಜು. ಚಿಕ್ಕಪ್ಪ ಹತ್ತು ಹದಿನೈದು ಸಲ ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಸೊರಗಿತ್ತು. ಮೀಟರ್ ಇಟ್ಟರು, ವೋಲ್ಟೇಜ್ ಕಮ್ಮಿ ತೋರಿಸಿತು. ಹೊಸ ಬ್ಯಾಟರಿ ಬಂತು, ನಾಲ್ಕು ಸಾವಿರ ಚಿಲ್ಲರೆ. ಅಷ್ಟೊತ್ತಿಗೆ ಎಂಜಿನ್ ತಣ್ಣಗಾಗಿತ್ತು, ಕಾರು ಸ್ಟಾರ್ಟ್ ಆಯಿತು. ಎಲ್ಲರಿಗೂ ಸಂತೋಷ. ಒಂದು ವಾರ.

ಎರಡನೇ ಗ್ಯಾರೇಜು ಸ್ವಲ್ಪ ದೊಡ್ಡದು, ಸ್ಕ್ಯಾನರ್ ಇತ್ತು. ಹಚ್ಚಿ ನೋಡಿದರು, "ಕೋಡ್ ಏನೂ ಇಲ್ಲ" ಅಂದರು. ಯಾಕಿರುತ್ತದೆ? ಬ್ಯಾಟರಿ ಬದಲಾಯಿಸುವಾಗ ವೈರ್ ಬಿಚ್ಚಿದರೆ ಎಷ್ಟೋ ಹಳೆಯ ಕಾರುಗಳಲ್ಲಿ ಇಸಿಯು ತಲೆಯಲ್ಲಿದ್ದ ದಾಖಲೆ ಅಳಿಸಿಹೋಗುತ್ತದೆ. ಅದಾದ ಮೇಲೆ ಚಿಕ್ಕಪ್ಪ ಗಾಡಿ ಬಿಸಿಯಾಗಿ ಕೈಕೊಟ್ಟ ಹೊತ್ತಿನಲ್ಲೇ ಅಲ್ಲಿಗೆ ತಂದಿದ್ದರಿಂದ, ಅವರು ಪ್ಲಗ್ ಬಿಚ್ಚಿ ನೋಡಿದಾಗ ಕಿಡಿ ಬರುತ್ತಿರಲಿಲ್ಲ. "ಕರೆಂಟ್ ಇಲ್ಲ, ಕಾಯಿಲ್ ಹೋಗಿದೆ" ಅಂತ ಕಾಯಿಲ್ಲು, ಪ್ಲಗ್ಗು ಎರಡೂ ಬದಲಾಯಿಸಿದರು. ಅಷ್ಟರಲ್ಲಿ ಒಂದೂವರೆ ಗಂಟೆ ಕಳೆದಿತ್ತು, ಎಂಜಿನ್ ತಣ್ಣಗಾಗಿತ್ತು, ಕಾರು ಸ್ಟಾರ್ಟ್ ಆಯಿತು. ಐದು ಸಾವಿರದ ಮೇಲೆ. ಮತ್ತೆ ಹತ್ತು ದಿನ ಸಂತೋಷ.

ಮೂರನೇ ಗ್ಯಾರೇಜಿನವರು ಕಿವಿಗೊಟ್ಟು ಕೇಳಿದರು. ಸೆಲ್ಫ್ ಹೊಡೆಯುವಾಗ ಹಿಂದಿನ ಸೀಟಿನ ಕೆಳಗೆ ಪೆಟ್ರೋಲ್ ಪಂಪಿನ ಸದ್ದು ಇಲ್ಲ! "ಪಂಪ್ ಹೋಗಿದೆ." ಏಳು ಸಾವಿರ. ಬದಲಾಯಿಸುವಷ್ಟರಲ್ಲಿ... ಹೌದು, ಎಂಜಿನ್ ತಣ್ಣಗಾಗಿತ್ತು.

ಇಲ್ಲೊಂದು ಮಾತು ಹೇಳಲೇಬೇಕು. ಈ ಮೂವರೂ ಕಳ್ಳರಲ್ಲ. ಬ್ಯಾಟರಿ ವೋಲ್ಟೇಜ್ ನಿಜವಾಗಲೂ ಕಮ್ಮಿ ಇತ್ತು. ಕಿಡಿ ನಿಜವಾಗಲೂ ಬರುತ್ತಿರಲಿಲ್ಲ. ಪಂಪು ನಿಜವಾಗಲೂ ಓಡುತ್ತಿರಲಿಲ್ಲ. ಮೂವರಿಗೂ ಕಂಡದ್ದು ಸತ್ಯವೇ. ಆದರೆ ಅದು ರೋಗವಲ್ಲ, ರೋಗದ ಲಕ್ಷಣ. ಮಲೇರಿಯಾ ಬಂದವನಿಗೆ ಚಳಿಯಾಗುತ್ತಿದೆ ಅಂತ ಕಂಬಳಿ ಮಾರಿದ ಹಾಗೆ. ಜೊತೆಗೆ ಪ್ರತಿ ಸಲವೂ ಕಾಲವೇ ಕಾರನ್ನು ರಿಪೇರಿ ಮಾಡುತ್ತಿತ್ತು, ಹೆಸರು ಮಾತ್ರ ಹೊಸ ಸಾಮಾನಿಗೆ ಹೋಗುತ್ತಿತ್ತು.

ಕೊನೆಗೆ ಚಿಕ್ಕಪ್ಪನಿಗೆ ಯಾರೋ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಬಗ್ಗೆ ಹೇಳಿದರು. ವಯಸ್ಸಾದ ಮನುಷ್ಯ, ಸಣ್ಣ ಶೆಡ್ಡು, ಒಂದು ಮಲ್ಟಿಮೀಟರು, ಒಂದು ಟೆಸ್ಟ್ ಲ್ಯಾಂಪು. ಗಾಡಿ ಮುಟ್ಟುವ ಮೊದಲು ಅವರು ಕೇಳಿದ ಪ್ರಶ್ನೆ, "ಹೆಗಡೇರೆ, ಯಾವಾಗ ನಿಲ್ಲತ್ತೆ ಇದು?" ಬಿಸಿಯಾದಾಗ ಅಂತ ಗೊತ್ತಾದ ತಕ್ಷಣ, "ಹಾಗಾದ್ರೆ ತಣ್ಣಗಿರೋ ಗಾಡಿ ನನಗೆ ಬೇಡ. ನಾಕು ರೌಂಡ್ ಹೊಡೆದು ಬಿಸಿ ಮಾಡ್ಕೊಂಡು ತನ್ನಿ, ಆಫ್ ಮಾಡಿ, ಆಮೇಲೆ ನೋಡಣ" ಅಂದರಂತೆ. ಗಾಡಿ ಕೈಕೊಟ್ಟಿತು. ಕಿಡಿ ಇದೆಯಾ ನೋಡಿದರು, ಇಲ್ಲ. ಪಂಪು ಓಡುತ್ತಿದೆಯಾ ನೋಡಿದರು, ಕೀ ಆನ್ ಮಾಡಿದಾಗ ಎರಡು ಸೆಕೆಂಡು ಓಡಿತು, ಸೆಲ್ಫ್ ಹೊಡೆಯುವಾಗ ಇಲ್ಲ. ಎರಡೂ ಒಟ್ಟಿಗೇ ಇಲ್ಲ ಅಂದ ಮೇಲೆ, ಎರಡಕ್ಕೂ ಅಪ್ಪಣೆ ಕೊಡುವವನಿಗೇ ಸುದ್ದಿ ಮುಟ್ಟುತ್ತಿಲ್ಲ ಅಂತಾಯಿತು. ಕ್ರ್ಯಾಂಕ್ ಸೆನ್ಸರಿನ ಕನೆಕ್ಟರ್ ಬಿಚ್ಚಿ ಓಮ್ ಅಳೆದರೆ ಮೀಟರ್ ಅಲ್ಲಾಡಲೇ ಇಲ್ಲ, ಒಳಗೆ ತಂತಿ ತುಂಡಾದ ಹಾಗೆ. ಒಂದು ಲೋಟ ಚಹಾ ಕುಡಿದು, ಸೆನ್ಸರ್ ಮೇಲೆ ಒದ್ದೆ ಬಟ್ಟೆ ಹಾಕಿ, ಮತ್ತೆ ಅಳೆದರೆ ಎಂಟುನೂರು ಓಮ್ ಚಿಲ್ಲರೆ. ರೋಗ ಸಿಕ್ಕಿತು. ಬಿಸಿಯಾದಾಗ ಒಳಗಿನ ತಂತಿ ಬಿಟ್ಟುಕೊಳ್ಳುತ್ತಿತ್ತು, ತಣ್ಣಗಾದಾಗ ಕೂಡಿಕೊಳ್ಳುತ್ತಿತ್ತು.

ಸೆನ್ಸರಿಗೆ ಒಂಬೈನೂರು. ನೋಡಿ ಹಾಕಿದ್ದಕ್ಕೆ ಮುನ್ನೂರು ಕೇಳಿದರು.

ನಮ್ಮ ಚಿಕ್ಕಪ್ಪ, ಅದುವರೆಗೆ ಹದಿನಾರು ಸಾವಿರ ಚಿಲ್ಲರೆಯನ್ನು ಕಮಕ್ ಕಿಮಕ್ ಅನ್ನದೆ ಕೊಟ್ಟು ಬಂದಿದ್ದ ನಮ್ಮ ಚಿಕ್ಕಪ್ಪ, ಊರಿಗೆ ಹೋದಾಗ ನನ್ನ ಹತ್ತಿರ ಹೇಳಿದ್ದೇನು ಗೊತ್ತಾ? "ಸಾಮಾನಿಗಾದ್ರೆ ಸರಿ ಮಾರಾಯಾ, ಹೊಸಾದು ಬಂತು. ಬರೀ ನೋಡಿದ್ದಕ್ಕೆ ಮುನ್ನೂರು ರೂಪಾಯಾ?"

ನನಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಇಡೀ ವ್ಯವಹಾರದಲ್ಲಿ ಅವರಿಗೆ ನಿಜವಾಗಿ ಉಪಯೋಗಕ್ಕೆ ಬಂದ ಮುನ್ನೂರು ರೂಪಾಯಿ ಅದೊಂದೇ! ಆದರೆ ಚಿಕ್ಕಪ್ಪನೊಬ್ಬರನ್ನೇ ಅಂದು ಏನು ಪ್ರಯೋಜನ, ನಾವೆಲ್ಲ ಇರುವುದೇ ಹಾಗೆ. ಕೈಯಲ್ಲಿ ಹಿಡಿದು ನೋಡಬಹುದಾದ ವಸ್ತುವಿಗೆ ಬೆಲೆ ಇದೆ, ತಲೆಗೆ ಇಲ್ಲ. ಬಿಲ್ಲಿನಲ್ಲಿ "ಬ್ಯಾಟರಿ ಒಂದು" ಅಂತ ಇದ್ದರೆ ಸಮಾಧಾನ, "ತಪಾಸಣೆ" ಅಂತಿದ್ದರೆ ಮೋಸ ಹೋದ ಹಾಗೆ ಅನಿಸುತ್ತದೆ. ಡಾಕ್ಟರಿಗೆ ಮಾತ್ರ ನೋಡಿದ್ದಕ್ಕೇ ಫೀಸು ಕೊಡುವುದನ್ನು ಕಲಿತಿದ್ದೇವೆ. ಅಲ್ಲೂ "ಒಂದು ಇಂಜೆಕ್ಷನ್ ಆದ್ರೂ ಕೊಡ್ಲಿಲ್ಲ" ಅಂತ ಬೇಜಾರು ಮಾಡಿಕೊಳ್ಳುವವರು ಇದ್ದಾರೆ ಬಿಡಿ.

ನಾನು ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಬರೆಯುವವನು. ನಮ್ಮ ಕೆಲಸದಲ್ಲಿ ಅರ್ಧಕ್ಕರ್ಧ ದಿನ ಹೋಗುವುದು ಹುಡುಕುವುದರಲ್ಲೇ. ಮೂರು ದಿನ ಹುಡುಕಿ ಕೊನೆಗೆ ಒಂದು ಸಾಲು ತಿದ್ದುತ್ತೇವೆ. "ಒಂದು ಸಾಲಿಗೆ ಮೂರು ದಿನದ ಸಂಬಳವಾ?" ಅಂತ ಮ್ಯಾನೇಜರ್ ಕೇಳಿದರೆ ಇಡೀ ಟೀಮು ಮುಖ ಊದಿಸಿಕೊಳ್ಳುತ್ತದೆ. ಅದೇ ನಾವು ಶನಿವಾರ ಗ್ಯಾರೇಜಿಗೆ ಹೋಗಿ "ವೈರ್ ಸಿಗಿಸಿದ್ದಕ್ಕೆ ಐನೂರಾ?" ಅಂತ ಚೌಕಾಸಿಗೆ ನಿಲ್ಲುತ್ತೇವೆ. ಎಸಿ ರೂಮಿನಲ್ಲಿ ಕೂತು ಹುಡುಕಿದರೆ ಎಂಜಿನಿಯರಿಂಗು, ಕೈಗೆ ಗ್ರೀಸು ಮೆತ್ತಿಕೊಂಡು ಹುಡುಕಿದರೆ ಬರೀ ನೋಡಿದ್ದು. ಇದು ಯಾವ ಊರಿನ ನ್ಯಾಯ ಸ್ವಾಮೀ?

ಹಾಗಂತ ಹುಡುಕುವುದೇನು ಬ್ರಹ್ಮವಿದ್ಯೆಯಲ್ಲ. ಅದಕ್ಕೊಂದು ಕ್ರಮ ಇದೆ, ಅಷ್ಟೇ. ಮೊದಲು ಖರ್ಚಿಲ್ಲದ ಪರೀಕ್ಷೆ, ಆಮೇಲೆ ಬಿಚ್ಚುವ ಪರೀಕ್ಷೆ, ಬದಲಾಯಿಸುವುದು ಕಟ್ಟಕಡೆಗೆ. ಒಂದೊಂದು ಪರೀಕ್ಷೆಯೂ ಅನುಮಾನವನ್ನು ಅರ್ಧಕ್ಕೆ ಇಳಿಸಬೇಕು.

ಎಂಜಿನ್ ತಿರುಗುತ್ತಲೇ ಇಲ್ಲ ಅಂದರೆ ಹೆಡ್‌ಲೈಟ್ ಹಾಕಿಕೊಂಡು ಕೀ ತಿರುಗಿಸಿ. ಲೈಟು ಪೂರ್ತಿ ಮಂಕಾದರೆ ಬ್ಯಾಟರಿಯೋ ಟರ್ಮಿನಲ್ಲೋ. ಲೈಟು ಝಗ್ಗಂತ ಹಾಗೇ ಇದ್ದು ಏನೂ ಸದ್ದಿಲ್ಲದಿದ್ದರೆ ಸ್ಟಾರ್ಟರಿನ ಕಡೆಗೆ ಕರೆಂಟೇ ಹೋಗುತ್ತಿಲ್ಲ. ಮಲ್ಟಿಮೀಟರ್ ಇದ್ದರೆ ಇನ್ನೂ ಒಳ್ಳೆಯದು: ಚೆನ್ನಾಗಿ ಚಾರ್ಜ್ ಆದ ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟ್ ತೋರಿಸಬೇಕು, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಬ್ಯಾಟರಿ ಸರಿ ಇದ್ದೂ ಸೆಲ್ಫ್ ಸೋಮಾರಿಯಾಗಿದ್ದರೆ, ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಮೈನಸ್ಸಿಗೂ ಎಂಜಿನ್ನಿನ ಮೈಗೂ ನಡುವೆ ಮೀಟರ್ ಇಡಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ಥಿಂಗ್ ವೈರು ತುಕ್ಕು ಹಿಡಿದಿದೆ. ಉಪ್ಪುಕಾಗದದಲ್ಲಿ ಉಜ್ಜಿದರೆ ಹೋಗುವ ತೊಂದರೆಗೆ ಹೊಸ ಬ್ಯಾಟರಿ ಬೇಡ.

ಸೆಲ್ಫ್ ತಗೊಂಡೂ ಸ್ಟಾರ್ಟ್ ಆಗದಿದ್ದರೆ ಮೊದಲು ಡ್ಯಾಷ್‌ಬೋರ್ಡ್ ನೋಡಿ. ಕೀ ಚಿತ್ರದ ಲೈಟು ಮಿಣಮಿಣ ಅನ್ನುತ್ತಿದ್ದರೆ ಇಮೊಬಿಲೈಸರ್ ನಿಮ್ಮ ಕೀಯನ್ನು ಗುರುತಿಸುತ್ತಿಲ್ಲ, ಮನೆಯಲ್ಲಿರುವ ಇನ್ನೊಂದು ಕೀ ತಂದು ನೋಡಿ. ಆಮೇಲೆ ಕೀ ಆನ್ ಮಾಡಿದಾಗ ಹಿಂದೆ ಪಂಪು ಎರಡು ಸೆಕೆಂಡು ಗುಂಯ್ ಅನ್ನುತ್ತದಾ ಕೇಳಿ. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಸ್ವಲ್ಪವಾದರೂ ಅಲ್ಲಾಡುತ್ತದಾ ನೋಡಿ. ಬಹಳ ಕಾರುಗಳಲ್ಲಿ ಅದು ಅಲ್ಲಾಡಿದರೆ ಕ್ರ್ಯಾಂಕ್ ಸೆನ್ಸರ್ ಬದುಕಿದೆ ಅಂತ ಅರ್ಥ, ಸತ್ತಂತೆ ಬಿದ್ದಿದ್ದರೆ ಅನುಮಾನ ಆ ಕಡೆಗೆ. ಪ್ಲಗ್ ಬಿಚ್ಚಿದಾಗ ತುದಿ ಪೆಟ್ರೋಲಿನಲ್ಲಿ ಒದ್ದೆಯಾಗಿದ್ದರೆ ಪೆಟ್ರೋಲ್ ಬರುತ್ತಿದೆ, ಕಿಡಿಯ ಕಡೆ ಹುಡುಕಬೇಕು. ಒಣಗಿದ್ದರೆ ಪೆಟ್ರೋಲಿನ ಕಡೆ, ಅಥವಾ ಚಿಕ್ಕಪ್ಪನ ಕಾರಿನಲ್ಲಿದ್ದಂತೆ ಎರಡಕ್ಕೂ ಮೇಲಿರುವವನ ಕಡೆ. ಬಾನೆಟ್ ಎತ್ತಿದಾಗ ವೈರುಗಳನ್ನು ಕಣ್ಣಾರೆ ನೋಡುವುದನ್ನು ಮರೆಯಬೇಡಿ. ನಾಲ್ಕು ದಿನ ನಿಂತ ಕಾರಿನ ವೈರನ್ನು ಇಲಿ ಹೆಗ್ಗಣಗಳು ಕಡಿಯುವುದು ಬೆಂಗಳೂರಿನ ಬೇಸ್‌ಮೆಂಟುಗಳಲ್ಲಿ ಮಾಮೂಲು.

ಒಂದು ಎಚ್ಚರಿಕೆ. ಪ್ಲಗ್ಗಿನ ವೈರನ್ನು ಕೈಯಲ್ಲಿ ಹಿಡಿದು ಎಂಜಿನ್ ಮೈಗೆ ದೂರದಿಂದ ಹಾರಿಸಿ ಕಿಡಿ ನೋಡುವ ಹಳೇ ಪದ್ಧತಿಯನ್ನು ಈಗಿನ ಕಾರುಗಳಲ್ಲಿ ಮಾಡಬೇಡಿ. ಇಪ್ಪತ್ತು ಸಾವಿರ ವೋಲ್ಟಿಗೆ ಹೋಗಲು ಸರಿಯಾದ ದಾರಿ ಸಿಗದಿದ್ದರೆ ಕಾಯಿಲ್ಲನ್ನೋ, ಇಸಿಯುವನ್ನೋ ಸುಟ್ಟು ಹಾಕುತ್ತದೆ, ನಿಮ್ಮ ಕೈಯನ್ನೂ ಬಿಡುವುದಿಲ್ಲ. ಪಕ್ಕದಲ್ಲಿ ಪೆಟ್ರೋಲ್ ಆವಿ ಇದ್ದರಂತೂ ಕೇಳುವುದೇ ಬೇಡ. ಅದಕ್ಕೆಂದೇ ಸ್ಪಾರ್ಕ್ ಟೆಸ್ಟರ್ ಅಂತ ಸಿಗುತ್ತದೆ. ಅದರಲ್ಲೂ ಒಂದು ತಿಳಿದಿರಲಿ: ಹೊರಗೆ ಗಾಳಿಯಲ್ಲಿ ಹಾರುವ ಬಡಕಲು ಕಿಡಿ, ಸಿಲಿಂಡರಿನ ಒತ್ತಡದಲ್ಲಿ ಹಾರದೇ ಇರಬಹುದು. ಅಂದರೆ "ಕಿಡಿ ಇದೆ" ಅನ್ನುವುದೂ ಅರ್ಧ ಸತ್ಯವೇ.

"ಈಗೆಲ್ಲ ಸ್ಕ್ಯಾನರ್ ಇದೆಯಲ್ಲ, ಅದೇ ಹೇಳತ್ತೆ" ಅನ್ನುವವರಿಗೆ ಒಂದು ಮಾತು. ಅಮೆರಿಕದಲ್ಲಿ 1996ರ ಮಾಡೆಲ್ಲಿನಿಂದ, ನಮ್ಮಲ್ಲಿ 2013ರಿಂದ ಬಿಎಸ್-4 ಕಾರುಗಳಿಗೆ ಒಬಿಡಿ-2 ವ್ಯವಸ್ಥೆ ಬಂತು. ಒಳ್ಳೆಯದೇ. ಆದರೆ ಆ ಕೋಡುಗಳ ಭಾಷೆ ಸರಿಯಾಗಿ ಓದಿಕೊಳ್ಳಬೇಕು. ಪಿ0335 ಅಂತ ಬಂದರೆ ಅದರ ಅರ್ಥ "ಕ್ರ್ಯಾಂಕ್ ಸೆನ್ಸರಿನ ಸರ್ಕ್ಯೂಟಿನಲ್ಲಿ ತೊಂದರೆ". ಸರ್ಕ್ಯೂಟ್ ಅಂದರೆ ಸೆನ್ಸರು, ಅದರ ವೈರು, ಕನೆಕ್ಟರಿನ ಪಿನ್ನು, ಇಸಿಯು ಎಲ್ಲವೂ ಸೇರಿದ್ದು. ಇಲಿ ಕಡಿದ ವೈರಿಗೂ ಅದೇ ಕೋಡು. ಪೊಲೀಸ್ ಸ್ಟೇಷನ್ನಿಗೆ ಬಂದ ದೂರಿನ ಹಾಗೆ ಅದು, ಕಳ್ಳತನ ಯಾವ ಬೀದಿಯಲ್ಲಿ ಆಯಿತು ಅಂತ ಗೊತ್ತಾಗುತ್ತದೆ. ಕಳ್ಳ ಯಾರು ಅಂತ ಹುಡುಕುವ ಕೆಲಸ ಇನ್ನೂ ಬಾಕಿ. ಕೋಡ್ ನೋಡಿ ಸೀದಾ ಸಾಮಾನಿಗೆ ಆರ್ಡರ್ ಕೊಡುವುದೂ "ಬ್ಯಾಟರಿ ಹೋಗಿರ್ಬೇಕು" ಅನ್ನುವುದೂ ಒಂದೇ ಜಾತಿ, ಎರಡನೆಯದಕ್ಕೆ ಇಂಗ್ಲಿಷ್ ಬರುವುದಿಲ್ಲ ಅಷ್ಟೇ ವ್ಯತ್ಯಾಸ.

ಗ್ಯಾರೇಜಿನವರ ಕಡೆಯಿಂದಲೂ ನೋಡಬೇಕು. ಒಂದು ಗಂಟೆ ಮೀಟರ್ ಹಿಡಿದು ಹುಡುಕಿ, "ಕನೆಕ್ಟರ್ ಲೂಸ್ ಇತ್ತು, ಸಿಗಿಸಿದೆ" ಅಂದರೆ ಗಿರಾಕಿ ನೂರು ರೂಪಾಯಿ ಕೊಡಲು ಮೀನಮೇಷ ಎಣಿಸುತ್ತಾನೆ. ಅದೇ ಹತ್ತು ನಿಮಿಷದಲ್ಲಿ ಕಾಯಿಲ್ ಬದಲಾಯಿಸಿದರೆ ಸಾಮಾನಿನಲ್ಲಿ ಒಂದಿಷ್ಟು ಕಮಿಷನ್ನು, ಮೇಲೆ ಕೂಲಿ. ಶೆಡ್ ಬಾಡಿಗೆ, ಹುಡುಗರ ಸಂಬಳ ಕೊಡಬೇಕಾದವನು ಏನು ಮಾಡಬೇಕು ಹೇಳಿ? ಕಷ್ಟಪಟ್ಟು ಹುಡುಕುವವನು ನಷ್ಟದಲ್ಲಿರುತ್ತಾನೆ, ಊಹೆ ಮಾಡಿ ಬದಲಾಯಿಸುವವನು ಉದ್ಧಾರವಾಗುತ್ತಾನೆ. ಹೀಗೇ ಇಪ್ಪತ್ತು ವರ್ಷ ನಡೆದರೆ ಹುಡುಕಲು ಬರುವವರೇ ಉಳಿಯುವುದಿಲ್ಲ. ಶೆಡ್ಡಿನಲ್ಲಿ ಕೆಲಸ ಕಲಿಯುವ ಹುಡುಗನೂ ಗುರುವಿನಿಂದ ಕಲಿಯುವುದು ಬದಲಾಯಿಸುವುದನ್ನೇ.

ಅವರಿಗೆ ಮಾಹಿತಿಯೂ ಸುಲಭವಾಗಿ ಸಿಗುವುದಿಲ್ಲ. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳ ಮೇಲೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತ್ತು. ಬಿಡಿಭಾಗ, ರಿಪೇರಿ ಮಾಹಿತಿ, ತಪಾಸಣೆಯ ಉಪಕರಣಗಳು ಹೊರಗಿನ ಗ್ಯಾರೇಜುಗಳಿಗೆ ಸಿಗದ ಹಾಗೆ ಮಾಡಿದ್ದಾರೆ ಅನ್ನುವುದು ಆಯೋಗದ ತೀರ್ಮಾನವಾಗಿತ್ತು. ಅದು ಆಮೇಲೆ ಮೇಲ್ಮನವಿಗಳ ದಾರಿ ಹಿಡಿಯಿತು, ಆ ಮಾತು ಬೇರೆ. 2022ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಪೋರ್ಟಲ್ ಒಂದನ್ನು ಶುರು ಮಾಡಿತು, ಅದರಲ್ಲಿ ವಾಹನಗಳೂ ಸೇರಿವೆ. ಸಾಗರದ ಶೆಡ್ಡಿನಲ್ಲಿ ಕೂತವರ ಕೈಗೆ ಅವರು ರಿಪೇರಿ ಮಾಡುವ ಕಾರಿನ ವೈರಿಂಗ್ ನಕ್ಷೆ ಕನ್ನಡದಲ್ಲಿ ಬೇಡ, ಇಂಗ್ಲಿಷಿನಲ್ಲಾದರೂ ಸಿಗುವಂತಾದರೆ ಅದೇ ದೊಡ್ಡ ಉಪಕಾರ.

"ಬದಲಾಯಿಸಿ ನೋಡುವುದೂ ಒಂದು ವಿಧಾನ ಅಲ್ವಾ?" ಅಂತ ನನ್ನ ಗೆಳೆಯನೊಬ್ಬ ವಾದಿಸಿದ. ಖಂಡಿತ ಹೌದು. ಚೆನ್ನಾಗಿರುವ ಇನ್ನೊಂದು ಗಾಡಿಯ ಕಾಯಿಲ್ಲನ್ನು ತಂದು ಹಾಕಿ, ಸ್ಟಾರ್ಟ್ ಆಗುತ್ತದಾ ನೋಡಿ, ಆಗದಿದ್ದರೆ ಬಿಚ್ಚಿ ವಾಪಸ್ ಕೊಡುವುದು ಒಳ್ಳೆಯ ಪರೀಕ್ಷೆ. ಆದರೆ ಅದು ಪರೀಕ್ಷೆ ಅನಿಸಿಕೊಳ್ಳುವುದು ಬಿಚ್ಚಿ ವಾಪಸ್ ಕೊಟ್ಟಾಗ ಮಾತ್ರ. ಹೊಸದನ್ನು ಹಾಕಿ, ಆಗಲಿಲ್ಲ ಅಂದರೂ ಅದನ್ನು ಬಿಲ್ಲಿಗೆ ಸೇರಿಸಿದರೆ ಅದು ವ್ಯಾಪಾರ. ಮತ್ತೆ ಚಿಕ್ಕಪ್ಪನ ಕಾರಿನಂಥ ಬಂದು ಹೋಗುವ ರೋಗಕ್ಕೆ ಈ ವಿಧಾನ ಮೋಸ ಮಾಡುತ್ತದೆ, ನೋಡಿದಿರಲ್ಲ.

ಇದರಲ್ಲಿ ಹೋಗುವುದು ದುಡ್ಡು ಒಂದೇ ಆಗಿದ್ದರೆ ಇಷ್ಟುದ್ದ ಬರೆಯುತ್ತಿರಲಿಲ್ಲ. ಸಾಲ ಮಾಡಿ ಟ್ಯಾಕ್ಸಿ ತೆಗೆದುಕೊಂಡವನಿಗೆ ಗಾಡಿ ಮೂರು ದಿನ ಗ್ಯಾರೇಜಿನಲ್ಲಿದ್ದರೆ ಮೂರು ದಿನದ ಅನ್ನ ಹೋಯಿತು, ಕಂತು ಮಾತ್ರ ನಿಲ್ಲುವುದಿಲ್ಲ. ಬಸ್ಸಿಲ್ಲದ ಹಳ್ಳಿಯಲ್ಲಿ ರಾತ್ರಿ ಹೊತ್ತು ಆಸ್ಪತ್ರೆಗೆ ಹೋಗಬೇಕಾದಾಗ ಇರುವ ಒಂದೇ ಕಾರು "ರಿಪೇರಿ ಆಗಿದೆ" ಅಂತ ನಂಬಿ ಹೊರಟು ಘಾಟಿಯಲ್ಲಿ ನಿಂತರೆ? ಕಾರಣ ಗೊತ್ತಿಲ್ಲದೆ ಸರಿಯಾದದ್ದು ಸರಿಯಾಗಿಲ್ಲ ಅಂತಲೇ ನಾನು ತಿಳಿಯುತ್ತೇನೆ. ನಮ್ಮ ಕೋಡಿನಲ್ಲೂ ಅಷ್ಟೇ, ತಾನಾಗಿ ಮಾಯವಾದ ಬಗ್ಗು ಶುಕ್ರವಾರ ಸಂಜೆಯೇ ವಾಪಸ್ ಬರುವುದು.

ಹಾಗಾದರೆ ಏನು ಮಾಡಬೇಕು? ನನ್ನ ಸಲಹೆ ಬಹಳ ಸರಳ. ಗ್ಯಾರೇಜಿಗೆ ಹೋದಾಗ ಮೊದಲೇ ಹೇಳಿ, "ಅಣ್ಣಾ, ಮೊದ್ಲು ತೊಂದ್ರೆ ಏನು ಅಂತ ಹುಡುಕಿ. ಹುಡುಕಿದ್ದಕ್ಕೆ ಇಷ್ಟು ಕೊಡ್ತೀನಿ, ಏನೂ ಬದಲಾಯಿಸದೇ ಇದ್ರೂ ಕೊಡ್ತೀನಿ." ಈ ಒಂದು ವಾಕ್ಯಕ್ಕೆ ಇರುವ ಶಕ್ತಿ ದೊಡ್ಡದು. ಆ ಕ್ಷಣದಿಂದ ಅವರ ಲಾಭ, ನಿಮ್ಮ ಲಾಭ ಎರಡೂ ಒಂದೇ ಕಡೆ ಸೇರುತ್ತವೆ. ರೋಗ ಯಾವಾಗ ಕಾಣಿಸಿಕೊಳ್ಳುತ್ತದೆ ಅಂತ ಬರೆದಿಟ್ಟುಕೊಂಡು ಹೋಗಿ: ಬಿಸಿಯಲ್ಲೋ ತಂಪಿನಲ್ಲೋ, ಮಳೆಯಲ್ಲೋ, ಎಷ್ಟು ಹೊತ್ತಿಗೆ ಸರಿಹೋಗುತ್ತದೆ, ಇತ್ತೀಚೆಗೆ ಏನೇನು ಬಿಚ್ಚಿಸಿದ್ದೀರಿ. ಅದು ಅರ್ಧ ತಪಾಸಣೆ. ಯಾವುದನ್ನಾದರೂ ಬದಲಾಯಿಸಬೇಕು ಅಂದರೆ ಒಂದೇ ಪ್ರಶ್ನೆ ಕೇಳಿ, "ಇದೇ ಹೋಗಿದೆ ಅಂತ ಹೇಗೆ ಗೊತ್ತಾಯ್ತು?" ಬಲ್ಲವನು ಖುಷಿಯಿಂದ ಮೀಟರ್ ಇಟ್ಟು ತೋರಿಸುತ್ತಾನೆ. "ಅದೇ ಇರುತ್ತೆ ಸಾರ್, ಹಾಕಿ ನೋಡಣ" ಅಂದರೆ ಸ್ವಲ್ಪ ತಡೆಯಿರಿ. ಬದಲಾಯಿಸಿದ ಹಳೇ ಸಾಮಾನನ್ನು ಕೇಳಿ ಪಡೆಯಿರಿ, ಅದು ನಿಮ್ಮದು.

ಮತ್ತೆ, ಹುಡುಕಿ ಕೊಟ್ಟವನ ಹತ್ತಿರ ಚೌಕಾಸಿ ಮಾಡಬೇಡಿ ಮಾರಾಯ್ರೇ. ಬೇಕಾದರೆ ಬ್ಯಾಟರಿ ಅಂಗಡಿಯಲ್ಲಿ ಮಾಡಿ, ಟೈರಿನ ಅಂಗಡಿಯಲ್ಲಿ ಮಾಡಿ. ಯಾವ ಸಾಮಾನೂ ಮಾರದೆ, "ಇದು ಸರಿ ಇದೆ, ಬದಲಾಯಿಸೋದು ಬೇಡ" ಅಂತ ಹೇಳಿದವನಿಗೆ ಕೇಳಿದಷ್ಟು ಕೊಟ್ಟು ಬನ್ನಿ. ಅವನು ಇನ್ನೂ ಹತ್ತು ವರ್ಷ ಆ ಶೆಡ್ಡಿನಲ್ಲಿ ಇರಬೇಕು. ಅವನ ಹತ್ತಿರ ಇಬ್ಬರು ಹುಡುಗರು ಮೀಟರ್ ಹಿಡಿಯುವುದನ್ನು ಕಲಿಯಬೇಕು. ಅದು ಅವನಿಗೆ ಮಾಡುವ ಉಪಕಾರವಲ್ಲ, ನಮ್ಮದೇ ಸ್ವಾರ್ಥ. ಏನಂತೀರಿ?